ಬೋರ್ಡಿನ ಬುಡದ ಬಾಟಲಿಗಳು

ಕಳೆದ ಹುತ್ತರಿಗೆ ಊರಿಗೆ ಹೋಗಿದ್ದಾಗ ಅಣ್ಣನೂ ನಾನೂ ಕೋಟೆಬೆಟ್ಟದ ದಾರಿಯಲ್ಲಿ ಬಾಟಲಿ ಹೆಕ್ಕಿದೆವು. ಒಂದು ಗೋಣಿಚೀಲ ತುಂಬಲು ಅರ್ಧ ಗಂಟೆ ಸಾಕಾಯಿತು. ಬಿಯರ್ ಬಾಟಲಿ, ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಒಂದು ಮಗುವಿನ ಚಪ್ಪಲಿ. ನಾವು ಸುಧಾರಿಸಿಕೊಳ್ಳಲು ಕೂತ ಬಂಡೆಯಿಂದ ಹತ್ತು ಮಾರು ದೂರದಲ್ಲಿ ಒಂದು ಬೋರ್ಡ್ ಇತ್ತು: 'ಪರಿಸರ ಉಳಿಸಿ, ಕಸ ಎಸೆಯಬೇಡಿ.' ಎಲ್ಲಕ್ಕಿಂತ ಹೆಚ್ಚು ಬಾಟಲಿ ಸಿಕ್ಕಿದ್ದು ಅದೇ ಬೋರ್ಡಿನ ಕಂಬದ ಬುಡದಲ್ಲಿ. ಅಲ್ಲಿ ನೆರಳಿದೆ, ಕೂರಲು ಜಾಗವಿದೆ, ಖಾಲಿ ಬಾಟಲಿ ಇಡಲು ಬೇರೇನೂ ಇಲ್ಲ. ಮೊದಲು ಯಾರೋ ಒಬ್ಬರು ಒಂದು ಬಾಟಲಿಯನ್ನು ನೀಟಾಗಿ ಕಂಬಕ್ಕೆ ಒರಗಿಸಿ ಇಟ್ಟಿರಬೇಕು. ಮುಂದೆ ಬಂದವರಿಗೆ ಅದೇ ಬಾಟಲಿ ಇಡುವ ಜಾಗವಾಯಿತು.

ನಾನು ಹುಟ್ಟಿ ಬೆಳೆದದ್ದು ಕೊಡಗಿನ ಮಾದಾಪುರದ ಕಡೆ. ಕೆಲಸ ಹಿಡಿದು ನೀಲಗಿರಿಯ ಕುನ್ನೂರಿಗೆ ಹೋಗಿ ಹತ್ತೊಂಬತ್ತು ವರ್ಷವಾಯಿತು. ಅಲ್ಲೂ ಬೆಟ್ಟ, ಇಲ್ಲೂ ಬೆಟ್ಟ. ಅಲ್ಲಿ ಟೀ, ಇಲ್ಲಿ ಕಾಫಿ. ಶನಿವಾರ ಬಂತೆಂದರೆ ಎರಡೂ ಕಡೆ ಬಯಲುಸೀಮೆಯ ಕಾರುಗಳ ಸಾಲು. ಹಾಗಾಗಿ ಊರಿಗೆ ಬಂದಾಗಲೆಲ್ಲ ನನ್ನ ಕಣ್ಣು ತಾನಾಗಿ ತೂಗಿ ನೋಡುತ್ತದೆ. ನೀಲಗಿರಿ ಸ್ವರ್ಗ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಊಟಿಯ ಗುಡ್ಡಗಳ ಮೇಲೆ ಎದ್ದಿರುವ ಕಾಂಕ್ರೀಟು ನೋಡಿದರೆ ಕೊಡಗಿಗೆ ಆ ಗತಿ ಬಾರದಿರಲಿ ಎಂದೇ ಅನಿಸುತ್ತದೆ. ಆದರೆ ಬಂದ ಜನರ ಕೈಯಲ್ಲಿ ಸರಿಯಾದ ಕೆಲಸ ಮಾಡಿಸುವ ಒಂದೆರಡು ಏರ್ಪಾಡನ್ನು ಅಲ್ಲಿ ಕಣ್ಣಾರೆ ಕಂಡಿದ್ದೇನೆ. ಅವು ನಮ್ಮಲ್ಲಿ ಯಾಕಿಲ್ಲ ಎಂಬ ಸಂಕಟ ನನ್ನದು.

ಮೊದಲು ಬಾಟಲಿಯ ವಿಷಯವನ್ನೇ ಹೇಳುತ್ತೇನೆ. ತಮಿಳುನಾಡಿನಲ್ಲಿ ಮದ್ಯ ಮಾರುವುದು ಸರ್ಕಾರದ್ದೇ ಅಂಗಡಿ, ಟಾಸ್ಮ್ಯಾಕ್. ಕುಡಿದವರು ಕಾಡಂಚಿನಲ್ಲಿ ಒಡೆದು ಹೋದ ಗಾಜು ಆನೆಗಳ ಕಾಲಿಗೆ ಹೊಕ್ಕು, ಗಾಯ ಕೀವಾಗಿ, ಪ್ರಾಣಿಗಳು ನರಳುವ ಸಂಗತಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಕೋರ್ಟು ಹೇಳಿದ ಮೇಲೆ 2022ರ ಮೇ ತಿಂಗಳಿಂದ ನೀಲಗಿರಿಯಲ್ಲಿ ಪ್ರತಿ ಬಾಟಲಿಗೂ 10 ರೂಪಾಯಿ ಹೆಚ್ಚಿಗೆ ಹಿಡಿಯತೊಡಗಿದರು. ಖಾಲಿ ಬಾಟಲಿ ವಾಪಸು ಕೊಟ್ಟರೆ ಆ 10 ರೂಪಾಯಿ ಕೈಗೆ. ಬಾಟಲಿಯ ಮೇಲೆ ಒಂದು ಸ್ಟಿಕ್ಕರ್, ಅಷ್ಟೆ. ಹೊಸ ಬೋರ್ಡಿಲ್ಲ, ಭಾಷಣವಿಲ್ಲ. ನಾನು ಬೆಳಿಗ್ಗೆ ನಡೆಯುವ ದಾರಿಯಲ್ಲಿ ಮೊದಲು ವಾರಕ್ಕೆ ಇಪ್ಪತ್ತು ಬಾಟಲಿ ಕಾಣುತ್ತಿದ್ದವು. ಕೆಲವೇ ತಿಂಗಳಲ್ಲಿ ಒಂದೂ ಕಾಣದಾಯಿತು. ಕುಡಿದವನು ಬಿಟ್ಟು ಹೋದರೂ ಬೇರೆ ಯಾರೋ ಎತ್ತಿಕೊಂಡು ಹೋಗುತ್ತಾರೆ. ಮಾರಾಟವಾದ ಬಾಟಲಿಗಳಲ್ಲಿ ಬಹುಪಾಲು ಅಂಗಡಿಗೆ ಮರಳುತ್ತಿವೆ. ಈಗ ಈ ಪದ್ಧತಿ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ಹಬ್ಬಿದೆ.

ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಕೊಂಡವನಿಗೆ ಹತ್ತು ರೂಪಾಯಿ ಯಾವ ಲೆಕ್ಕ ಎಂದು ಕೇಳಬಹುದು. ಅದರ ಗುಟ್ಟು ಮನುಷ್ಯನ ಸ್ವಭಾವದಲ್ಲಿದೆ. ಹತ್ತು ರೂಪಾಯಿ ಬಹುಮಾನ ಕೊಡುತ್ತೇವೆ ಎಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ತನ್ನ ಕೈಯಿಂದ ಆಗಲೇ ಹೋಗಿರುವ ಹತ್ತು ರೂಪಾಯಿ ಕಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಸಿಗುವುದರ ಸಂತೋಷಕ್ಕಿಂತ ಕಳೆದುಕೊಳ್ಳುವ ಸಂಕಟ ನಮಗೆ ದೊಡ್ಡದು. ಮನುಷ್ಯರ ಇಂಥ ಸ್ವಭಾವಗಳನ್ನು ಅರ್ಥಶಾಸ್ತ್ರದೊಳಕ್ಕೆ ತಂದದ್ದಕ್ಕೆ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಗದರಿಸದೆ, ದಂಡ ಹಾಕದೆ, ಬೇರೆ ದಾರಿ ಮುಚ್ಚದೆ, ಸರಿಯಾದ ಕಡೆಗೆ ಮೊಣಕೈಯಿಂದ ಮೆಲ್ಲಗೆ ತಿವಿಯುವ ಉಪಾಯಕ್ಕೆ ಅವರು 'ನಡ್ಜ್' ಎನ್ನುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಎಲೆಯಲ್ಲಿ ಅನ್ನ ಬಿಟ್ಟು ಏಳಲು ಹೊರಟರೆ ಪಕ್ಕದ ಚಿಕ್ಕಮ್ಮ ಬಾಯಿ ಬಿಡದೆ ತಿವಿಯುತ್ತಾರಲ್ಲ, ಅದೇ ಜಾತಿಯದು. ದುಡ್ಡು ನಡುವೆ ಬಂದರೆ ಅದು ಅಪ್ಪಟ ನಡ್ಜ್ ಅಲ್ಲ ಎನ್ನುವ ಪಂಡಿತರೂ ಇದ್ದಾರೆ. ಆನೆಯ ಕಾಲಿಗೆ ಗಾಜು ಹೊಕ್ಕುವುದು ನಿಂತರೆ ಆ ತಕರಾರು ನನಗೆ ದೊಡ್ಡದಲ್ಲ.

ಕರ್ನಾಟಕದಲ್ಲಿ ಇದನ್ನು ಹಾಗೆಯೇ ತರುವುದು ಸುಲಭವಿಲ್ಲ ಎಂಬುದೂ ನನಗೆ ಗೊತ್ತು. ನಮ್ಮಲ್ಲಿ ವೈನ್‌ಶಾಪುಗಳಲ್ಲಿ ಹೆಚ್ಚಿನವು ಖಾಸಗಿಯವರದು. ಕುಶಾಲನಗರದಲ್ಲಿ ಕೊಂಡ ಬಾಟಲಿಯನ್ನು ಮಡಿಕೇರಿಯ ಅಂಗಡಿಯವನು ವಾಪಸು ತೆಗೆದುಕೊಳ್ಳಲು ಏನು ಕಾರಣ? ಆದರೆ ಸಗಟು ವ್ಯಾಪಾರ ಇರುವುದು ಸರ್ಕಾರದ ಪಾನೀಯ ನಿಗಮದ ಕೈಯಲ್ಲೇ. ಪ್ರತಿ ಬಾಟಲಿಯೂ ಅಲ್ಲಿಂದಲೇ ಬರುತ್ತದೆ. ಸ್ಟಿಕ್ಕರ್ ಅಲ್ಲೇ ಬೀಳಲಿ, ಲೆಕ್ಕವೂ ಅಲ್ಲೇ ತೀರಲಿ, ಕೊಡಗು ಒಂದು ಜಿಲ್ಲೆಯಲ್ಲಿ ಒಂದು ವರ್ಷ ಮಾಡಿ ನೋಡಲಿ. ಅಷ್ಟು ದೂರ ಹೋಗುವ ಮೊದಲೂ ದಾರಿಯಿದೆ. ಮೈಸೂರು ಮೃಗಾಲಯದಲ್ಲಿ ನೀರಿನ ಬಾಟಲಿಗೆ ಸ್ಟಿಕ್ಕರ್ ಅಂಟಿಸಿ, ಠೇವಣಿ ಇಟ್ಟುಕೊಂಡು, ಹೊರಗೆ ಬರುವಾಗ ವಾಪಸು ಕೊಡುವ ಪದ್ಧತಿ ಇದೆ. ಮಲ್ಲಳ್ಳಿ, ಅಬ್ಬಿ, ಇರ್ಪು, ಮಾಂದಲಪಟ್ಟಿ: ಇವೆಲ್ಲಕ್ಕೂ ಜನ ಒಳಹೋಗುವ ಒಂದು ಜಾಗ, ಗಾಡಿ ನಿಲ್ಲಿಸುವ ಒಂದು ಜಾಗ ಇದೆ. ಅಲ್ಲಿ ಒಂದು ಮೇಜು, ಒಬ್ಬ ಹುಡುಗಿ, ಒಂದು ರೋಲು ಸ್ಟಿಕ್ಕರ್ ಸಾಕು. ಸ್ತ್ರೀಶಕ್ತಿ ಸಂಘದವರಿಗೆ ವಹಿಸಿದರೆ ಊರಿನವರಿಗೆ ಕೆಲಸವೂ ಆಗುತ್ತದೆ.

ನೀರಿನ ಬಾಟಲಿ ಇನ್ನೊಂದು ಕಥೆ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ಚೀಲದ ಮೇಲೆ ಕಣ್ಣಿಡಲು ಶುರುವಾಗಿ ಎರಡು ದಶಕ ದಾಟಿದೆ. ಇಡೀ ರಾಜ್ಯದಲ್ಲಿ ನಿಷೇಧ ಬಂದದ್ದು 2019ರ ಜನವರಿಯಲ್ಲಿ. ಅದೇ ವರ್ಷ ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಬಂದ್ ಮಾಡಿದರು. ಬಂದ್ ಮಾಡಿದ್ದರ ಜೊತೆಗೆ ನಾಣ್ಯ ಹಾಕಿದರೆ ನೀರು ಬರುವ ಯಂತ್ರಗಳನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿದರು ಎಂಬುದು ಮುಖ್ಯ. ಬೇಡ ಎಂದ ಕೈಯೇ ಇದು ತಗೋ ಎಂದೂ ಚಾಚಿತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ನಿಷೇಧ ಬಂದದ್ದು 2016ರಲ್ಲಿ, ತಮಿಳುನಾಡಿಗಿಂತ ಮೊದಲೇ. ಕಾನೂನು ನಮ್ಮಲ್ಲೂ ಇತ್ತು, ಚಾಚಿದ ಕೈ ಇರಲಿಲ್ಲ. ಬೆಂಗಳೂರಿನಿಂದ ಆರು ಗಂಟೆ ಕಾರು ಓಡಿಸಿಕೊಂಡು ಬಂದ ಕುಟುಂಬಕ್ಕೆ ಸುಂಟಿಕೊಪ್ಪದಲ್ಲಿ ಬಾಯಾರಿದರೆ ಬಾಟಲಿ ಬಿಟ್ಟು ಏನು ಕೊಳ್ಳಬೇಕು? ಅವರನ್ನು ಬೈಯುವ ಮೊದಲು ನಾವು ಇದಕ್ಕೆ ಉತ್ತರ ಇಟ್ಟುಕೊಂಡಿರಬೇಕು. ನೀಲಗಿರಿಯಲ್ಲೂ ಕೆಲವು ಯಂತ್ರ ಕೆಟ್ಟು ನಿಂತದ್ದನ್ನು ನೋಡಿದ್ದೇನೆ. ನಿಂತ ಯಂತ್ರದ ಪಕ್ಕದಲ್ಲಿ ಮೂರೇ ದಿನದಲ್ಲಿ ಕದ್ದು ಮಾರುವ ಬಾಟಲಿ ಹುಟ್ಟಿಕೊಳ್ಳುತ್ತದೆ. ಏರ್ಪಾಡು ಮಾಡಿದ ಮೇಲೆ ಅದನ್ನು ದಿನಾ ನೋಡಿಕೊಳ್ಳುವವರೂ ಬೇಕು.

ಅಣ್ಣ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಾನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುವತ್ತೊಕ್ಲು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದಾಗ ನಮ್ಮ ತೋಟದ ಒಂದು ಅಂಚೂ ಮಣ್ಣಿನ ಜೊತೆ ಹೋಯಿತು. ಅರೇಬಿಕಾ ಗಿಡ, ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಮರ, ಎಲ್ಲ. ಆಮೇಲೆ ಅಣ್ಣ ಕೋಣೆಗಳನ್ನೇ ಹೆಚ್ಚು ನೆಚ್ಚಿಕೊಂಡ. ಅವನ ಮನೆಯಲ್ಲೇ ನಾನು ಕಂಡದ್ದನ್ನು ಹೇಳಬೇಕು. ಯಾಕೆಂದರೆ ಪ್ರವಾಸಿಗನ ನಡವಳಿಕೆ ಎಂದು ನಾವು ದೂರುವುದರಲ್ಲಿ ಅರ್ಧ ಆತಿಥ್ಯದ ನಡವಳಿಕೆ. ಪ್ರತಿ ಕೋಣೆಯಲ್ಲೂ ಅತ್ತಿಗೆ ಎರಡು ನೀರಿನ ಬಾಟಲಿ ಇಟ್ಟಿರುತ್ತಿದ್ದರು, ಮರ್ಯಾದೆಗೆ. ಯಾರೂ ಕೇಳಿರಲಿಲ್ಲ. ರಾತ್ರಿ ಕ್ಯಾಂಪ್‌ಫೈರ್ ಕೂಡ ಹಾಗೆಯೇ, ಬಾಡಿಗೆಯಲ್ಲೇ ಸೇರಿದ್ದು. ಸೌದೆ ಪೇರಿಸಿ ಇಟ್ಟಿದ್ದಾರೆ ಎಂದ ಮೇಲೆ ಬಂದವರು ಹಚ್ಚಿಸದೆ ಇರುತ್ತಾರೆಯೇ? ಬೆಂಕಿ ಉರಿದರೆ ಹಾಡು ಬೇಕು, ಹಾಡಿಗೆ ಸ್ಪೀಕರ್ ಬೇಕು, ಹನ್ನೆರಡು ಗಂಟೆಯಾದರೂ ಪಕ್ಕದಲ್ಲಿ ತೋಟದ ಕೆಲಸದವರ ಲೈನ್‌ಮನೆಯ ಮಕ್ಕಳಿಗೆ ನಿದ್ದೆಯಿಲ್ಲ. ಮಾರ್ಚ್ ತಿಂಗಳ ಒಣಗಿನಲ್ಲಿ ಕಿಡಿ ಹಾರುವ ಭಯ ಬೇರೆ.

'ಇಲ್ಲ ಅನ್ನಬೇಡ ಅಣ್ಣ, ಕೇಳಿದರೆ ಮಾತ್ರ ಹಚ್ಚು' ಎಂದೆ.

'ಬಂದವರು ಬೇಜಾರು ಮಾಡಿಕೊಂಡ್ರೆ ಸ್ಟಾರ್ ಕಡಿಮೆ ಕೊಡ್ತಾರೆ ಮಾರಾಯ. ನಿನಗೆ ಹೇಳೋದು ಸುಲಭ' ಎಂದ.

ಆದರೂ ಮಾಡಿ ನೋಡಿದ. ಕೇಳಿದವರು ಕಡಿಮೆ. ಹೆಚ್ಚಿನವರು ಜಗಲಿಯಲ್ಲಿ ಕೂತು ಅತ್ತಿಗೆಯ ಕೈಯ ಬೆಲ್ಲದ ಕಾಫಿ ಕುಡಿದು, ಮಿಂಚುಹುಳ ನೋಡಿ ಮಲಗಿದರು. ಬಾಟಲಿಯ ಬದಲು ಸ್ಟೀಲ್ ಜಗ್ಗಿನಲ್ಲಿ ಕುದಿಸಿ ಆರಿಸಿದ ನೀರು ಇಟ್ಟದ್ದಕ್ಕೂ ಯಾರೂ ತಕರಾರು ತೆಗೆಯಲಿಲ್ಲ. ಬೇಕಾದವರಿಗೆ ಎಲ್ಲವೂ ಇದೆ, ಕೇಳಬೇಕು ಅಷ್ಟೆ. ತಾನಾಗಿ ಎದುರಿಗೆ ಬಂದದ್ದನ್ನು ಜನ ಹಾಗೆಯೇ ಒಪ್ಪಿಕೊಳ್ಳುತ್ತಾರೆ ಎಂಬ ಈ ಒಂದು ಸ್ವಭಾವವನ್ನು ಕೊಡಗಿನ ಹೋಂಸ್ಟೇಗಳೆಲ್ಲ ಬಳಸಿಕೊಂಡರೆ, ದಿನಕ್ಕೆ ಎಷ್ಟು ಸಾವಿರ ಬಾಟಲಿ ಘಾಟಿ ಹತ್ತುವುದು ನಿಲ್ಲಬಹುದು ಎಂದು ನೀವೇ ಎಣಿಸಿ. ತಿಂಡಿಗೂ ಹೀಗೆಯೇ. ನಾರ್ವೆಯ ಹೋಟೆಲುಗಳಲ್ಲಿ ಬಫೆ ತಟ್ಟೆಯನ್ನು ಸ್ವಲ್ಪ ಚಿಕ್ಕದು ಮಾಡಿದ್ದಕ್ಕೇ ಎಸೆಯುವ ಆಹಾರ ಸುಮಾರು ಐದನೇ ಒಂದು ಪಾಲು ಇಳಿಯಿತು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬೇಕಾದರೆ ಎಷ್ಟು ಸಲವಾದರೂ ಬಂದು ಬಡಿಸಿಕೊಳ್ಳಿ ಎಂದು ಬರೆದು ಇಟ್ಟದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ಫಲ. ಅಕ್ಕಿರೊಟ್ಟಿಯನ್ನು ಒಂದೊಂದೇ ಬಿಸಿ ಬಿಸಿ ಹಾಕುವ ನಮ್ಮ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಫೆ ಹಿಡಿದ ದೊಡ್ಡ ರೆಸಾರ್ಟುಗಳು ಕೇಳಿಸಿಕೊಳ್ಳಲಿ.

ಈಗ ಬೋರ್ಡುಗಳಿಗೆ ಬರುತ್ತೇನೆ. ಬೋರ್ಡು ಕೆಲಸ ಮಾಡುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅದು ಏನು ಹೇಳುತ್ತದೆ ಎಂಬುದರ ಮೇಲೆ ಹೋಗುತ್ತದೆ. ಅಮೆರಿಕದ ಒಂದು ಹೋಟೆಲಿನಲ್ಲಿ, ಟವೆಲ್ ದಿನಾ ಬದಲಿಸದೆ ಮತ್ತೆ ಬಳಸಿ ಎಂದು ಕೇಳುವ ಕಾರ್ಡುಗಳನ್ನು ಬೇರೆ ಬೇರೆ ಮಾತಿನಲ್ಲಿ ಬರೆದು ಇಟ್ಟು ನೋಡಿದರು. ಪರಿಸರ ಉಳಿಸಿ ಎಂದು ಬರೆದಲ್ಲಿ ನೂರಕ್ಕೆ 35 ಮಂದಿ ಕೇಳಿದರು. ಇಲ್ಲಿ ತಂಗಿದ ಹೆಚ್ಚಿನವರು ಹಾಗೆ ಮಾಡಿದ್ದಾರೆ ಎಂದು ಬರೆದಲ್ಲಿ 44 ಮಂದಿ. ಇದೇ ಕೋಣೆಯಲ್ಲಿ ತಂಗಿದವರು ಹಾಗೆ ಮಾಡಿದ್ದಾರೆ ಎಂದಲ್ಲಿ 49. ನಾಲ್ಕು ಜನ ಮಾಡುವುದನ್ನು ನಾವೂ ಮಾಡುತ್ತೇವೆ. ಆದರೆ ಇದೇ ಮಾತು ತಿರುಗುಬಾಣವೂ ಆಗುತ್ತದೆ. ಅರಿಜೋನಾದಲ್ಲಿ ಮರವೇ ಕಲ್ಲಾಗಿ ಹೋಗಿರುವ ಒಂದು ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಹಿಂದೆ ಬಂದ ಅನೇಕರು ಚೂರುಗಳನ್ನು ಕದ್ದೊಯ್ದಿದ್ದಾರೆ ಎಂದು ದುಃಖದಿಂದ ಬರೆದ ಬೋರ್ಡು ಹಾಕಿದಾಗ, ದಾರಿಯಲ್ಲಿ ಗುರುತು ಮಾಡಿ ಇಟ್ಟಿದ್ದ ಚೂರುಗಳಲ್ಲಿ ನೂರಕ್ಕೆ ಸುಮಾರು ಎಂಟು ಕಳುವಾದವು. ದಯವಿಟ್ಟು ತೆಗೆಯಬೇಡಿ ಎಂದಷ್ಟೇ ಬರೆದಾಗ ಎರಡಕ್ಕಿಂತ ಕಡಿಮೆ.

ಇದನ್ನು ಓದಿದಾಗ ನನಗೆ ನಮ್ಮ ಕೊಡಗಿನ ಬೋರ್ಡುಗಳೂ, ಪ್ರತಿ ಸೋಮವಾರ ಮೊಬೈಲಿಗೆ ಬರುವ ಫೋಟೊಗಳೂ ನೆನಪಾದವು. 'ನೋಡಿ, ಪ್ರವಾಸಿಗರು ಹೇಗೆ ಗಲೀಜು ಮಾಡಿದ್ದಾರೆ' ಎಂದು ಕಸದ ರಾಶಿಯ ಚಿತ್ರ. ನೋವಿನಿಂದಲೇ ಹಾಕುತ್ತಾರೆ, ನಾನೂ ಹಾಕಿದ್ದೇನೆ. ಆದರೆ ನೋಡಿದವನಿಗೆ ಮುಟ್ಟುವ ಸುದ್ದಿ ಎಲ್ಲರೂ ಎಸೆಯುತ್ತಾರೆ ಎಂಬುದು. ಬೆಟ್ಟ ಹತ್ತಿ ಇಳಿಯುವವರಲ್ಲಿ ಬಹಳ ಮಂದಿ ತಮ್ಮ ಪೊಟ್ಟಣ ತಮ್ಮ ಚೀಲಕ್ಕೇ ಹಾಕಿಕೊಂಡು ಹೋಗುತ್ತಾರೆ. ಅವರ ಚಿತ್ರ ಯಾರೂ ತೆಗೆಯುವುದಿಲ್ಲ. ತಡಿಯಂಡಮೋಳ್ ಇಳಿದು ಬರುವ ಹುಡುಗರು ತಮ್ಮ ಕಸದ ಚೀಲ ತೂಗಿಸಿ, ಇವತ್ತು ಇಷ್ಟು ಮಂದಿ ಇಷ್ಟು ಕೆಳಗೆ ತಂದರು ಎಂದು ಗೇಟಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ? ಮರುದಿನ ಹತ್ತುವವರು ಮೊದಲು ಓದುವುದು ಅದನ್ನು. ಸಂಖ್ಯೆ ನಿಜದ್ದಾಗಿರಬೇಕು, ಅದೊಂದು ಕಟ್ಟುನಿಟ್ಟು. ಸುಳ್ಳು ಹೇಳಿ ಒಳ್ಳೆಯದು ಮಾಡಿಸಲು ಹೊರಟರೆ ಒಂದೇ ಸೀಸನ್ನಿನಲ್ಲಿ ಮರ್ಯಾದೆ ಹೋಗುತ್ತದೆ.

ಇನ್ನೊಂದು ಬೋರ್ಡು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ನಮ್ಮ ಮನೆ ಹಿಂದಿನ ತೋಡು ಹಟ್ಟಿಹೊಳೆಗೆ ಸೇರುತ್ತದೆ, ಅದು ಹಾರಂಗಿಗೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ. ಅಲ್ಲಿಂದ ಕನ್ನಂಬಾಡಿ ಕಟ್ಟೆ, ಮುಂದೆ ತೊರೆಕಾಡನಹಳ್ಳಿಯ ಪಂಪು, ಆಮೇಲೆ ಬೆಂಗಳೂರಿನ ನಲ್ಲಿ. ವಾರಾಂತ್ಯಕ್ಕೆ ಬರುವ ಕಾರುಗಳಲ್ಲಿ ಹೆಚ್ಚಿನವು ಎಲ್ಲಿಯವು ಎಂದು ಎಲ್ಲರಿಗೂ ಗೊತ್ತು. ಹೊಳೆಯ ದಡದಲ್ಲಿ 'ನದಿಯನ್ನು ಉಳಿಸಿ' ಎಂಬ ಮಾತಿನ ಬದಲು 'ಈ ನೀರು ನಿಮ್ಮ ಮನೆಯ ಬಿಂದಿಗೆಗೆ ಬರುತ್ತದೆ' ಎಂದು ದಾರಿಯ ನಕ್ಷೆ ಸಮೇತ ಬರೆಯಬಾರದೇ? ಅದು ಅಕ್ಷರಶಃ ನಿಜ. ಕುನ್ನೂರಿನ ನನ್ನ ಮನೆ ಪಕ್ಕದ ಹೊಳೆಯೂ ಭವಾನಿ ಸೇರಿ, ಭವಾನಿ ಕೂಡುತುರೈಯಲ್ಲಿ ಕಾವೇರಿಯನ್ನೇ ಸೇರುತ್ತದೆ. ಒಮ್ಮೆ ಆ ಸಂಗಮದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ, ನನ್ನ ಎರಡೂ ಊರಿನ ನೀರು ಇಲ್ಲಿ ಒಂದಾಗಿದೆ ಎನಿಸಿ ಕಣ್ಣು ತುಂಬಿತ್ತು. ಮಲ್ಲಳ್ಳಿಯಲ್ಲಿ ಮಾತ್ರ ಈ ಬೋರ್ಡು ಬೇರೆಯಾಗಬೇಕು. ಅಲ್ಲಿ ಧುಮುಕುವ ಕುಮಾರಧಾರೆ ಪಶ್ಚಿಮಕ್ಕೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುವವಳು. ಅಲ್ಲಿ ಮಂಗಳೂರಿನವರನ್ನು ಕರೆದು ಹೇಳಬೇಕು.

ಮಾತು ಕೊಟ್ಟವನು ಸುಲಭವಾಗಿ ತಪ್ಪುವುದಿಲ್ಲ ಎಂಬ ಸ್ವಭಾವವೂ ಒಂದಿದೆ. ಪೆಸಿಫಿಕ್ ಸಮುದ್ರದ ಪಲಾವ್ ಎಂಬ ಪುಟ್ಟ ದೇಶ 2017ರ ಕೊನೆಯಿಂದ ಬಂದವರ ಪಾಸ್‌ಪೋರ್ಟಿನಲ್ಲೇ ಒಂದು ಪ್ರತಿಜ್ಞೆಯ ಮುದ್ರೆ ಒತ್ತಿ ಸಹಿ ಹಾಕಿಸುತ್ತದೆ. ಪ್ರತಿಜ್ಞೆ ಮಾಡುವುದು ಆ ದೇಶದ ಮಕ್ಕಳಿಗೆ. ಊಟಿ, ಕೊಡೈಕೆನಾಲಿಗೆ ಹೋಗಲು 2024ರ ಮೇ 7ರಿಂದ ಇ-ಪಾಸ್ ಬೇಕು, ಅದೂ ಮದ್ರಾಸ್ ಹೈಕೋರ್ಟಿನ ಆದೇಶ. ನೀಲಗಿರಿಯಲ್ಲೇ ನೋಂದಣಿಯಾದ ನನ್ನ ಗಾಡಿಗೆ ಬೇಡ. ಕೆಎ-12 ನಂಬರಿನ ಅಣ್ಣನ ಜೀಪಿಗೆ ಬೇಕು. ಎಷ್ಟು ಜನ, ಎಷ್ಟು ದಿನ, ಎಲ್ಲಿ ತಂಗುವುದು ಎಂದು ಮೊಬೈಲಿನಲ್ಲಿ ತುಂಬಿಸಬೇಕು. ಮೊದಲ ವರ್ಷ ಕೇಳಿದವರಿಗೆಲ್ಲ ಪಾಸು ಸಿಕ್ಕಿತು, ಹಾಗಾಗಿ ಸಂದಣಿ ನನ್ನ ಕಣ್ಣಿಗೇನೂ ಇಳಿದಂತೆ ಕಾಣಲಿಲ್ಲ. 2025ರ ಬೇಸಿಗೆಗೆ ಕೋರ್ಟು ಲೆಕ್ಕ ಕಟ್ಟಿತು: ನೀಲಗಿರಿಗೆ ವಾರದ ದಿನ 6,000 ಗಾಡಿ, ವಾರಾಂತ್ಯದಲ್ಲಿ 8,000. ವ್ಯಾಪಾರಿಗಳು ಸಿಟ್ಟಾದರು, ಕಡೆಗೆ ಅಂಗಡಿ ಮುಚ್ಚಿ ಪ್ರತಿಭಟನೆಯನ್ನೂ ಮಾಡಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಅವರಲ್ಲಿ ನನ್ನ ನೆರೆಯವರಿದ್ದಾರೆ. ಆದರೂ ಮಿತಿ ಬೇಕು ಎಂಬುದೇ ನನ್ನ ಅಭಿಪ್ರಾಯ. ಮೆಲ್ಲಗೆ ತಿವಿಯುವ ಉಪಾಯಗಳು ಬಂದ ಮನುಷ್ಯನನ್ನು ತಿದ್ದಬಲ್ಲವು. ಒಂದು ಬೆಟ್ಟ ಹೊರಲಾರದಷ್ಟು ಜನ ಬಂದಾಗ ಅವು ಏನೂ ಮಾಡಲಾರವು. ಮಡಿಕೇರಿಯ ರಸ್ತೆಗಳಲ್ಲಿ ದಸರಾ ರಜೆಯ ದಿನ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಡಗಿಗೂ ಒಂದು ಪಾಸು ಬರಲಿ, ಅದರ ಕೊನೆಯ ಪುಟದಲ್ಲಿ ಊರಿನ ಮಕ್ಕಳಿಗೆ ಕೊಡುವ ಒಂದು ಮಾತಿರಲಿ, ಶನಿವಾರಕ್ಕೆ ಬದಲು ಮಂಗಳವಾರ ಬಂದರೆ ಇಷ್ಟು ಕಡಿಮೆ ಎಂದು ಅಲ್ಲೇ ತೋರಿಸಲಿ.

ಒಂದು ಎಚ್ಚರ ಹೇಳದೆ ಇರಲಾರೆ. ಬಚ್ಚಲಲ್ಲಿ ಹಸಿರೆಲೆಯ ಚಿತ್ರದ ಕಾರ್ಡು ಇಟ್ಟು ಟವೆಲ್ ಉಳಿಸಿಕೊಳ್ಳುವ ಜಾಗದಲ್ಲೇ, ಹಿತ್ತಿಲ ಪೈಪು ನೇರ ತೋಡಿಗೆ ಇಳಿದಿರುವುದನ್ನು ನಾನು ನೋಡಿದ್ದೇನೆ. ಪ್ರವಾಸಿಗನ ಕೈಯಲ್ಲಿ ಚಿಕ್ಕ ಒಳ್ಳೆಯ ಕೆಲಸ ಮಾಡಿಸಿ, ಅದರ ಮರೆಯಲ್ಲಿ ಗುಡ್ಡ ಕಡಿದು ಕಟ್ಟಡ ಎಬ್ಬಿಸುವುದಕ್ಕೆ ಈ ವಿದ್ಯೆ ಬಳಕೆಯಾಗಬಾರದು. ಅಲ್ಲಿಗೆ ಕಾನೂನೇ ಬೇಕು, ಗಟ್ಟಿಯಾಗಿಯೇ ಬೇಕು.

ಇದೆಲ್ಲ ಹೊರಗಿನ ವಿದ್ಯೆ ಎಂದುಕೊಳ್ಳಬೇಡಿ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ, ಎಲ್ಲ ಸೇರಿ ಸುಮಾರು 2,550 ಹೆಕ್ಟೇರು. ಒತ್ತುವರಿಯಿಂದ ಬಹಳ ಕಡೆ ಸವೆದಿವೆ, ನಿಜ. ಉಳಿದಲ್ಲಿ ಉಳಿದಿರುವುದು ಕಾವಲಿನಿಂದಲ್ಲ. ಚಿಕ್ಕವನಿದ್ದಾಗ ನಮ್ಮೂರ ದೇವರಕಾಡಿನ ಅಂಚಿಗೆ ಬಂದರೆ ಅಜ್ಜಿ ಮಾತು ನಿಲ್ಲಿಸುತ್ತಿದ್ದರು, ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದರು. ನಾವೂ ತೆಗೆದುಕೊಳ್ಳುತ್ತಿದ್ದೆವು. ಯಾಕೆ ಎಂದು ಯಾರೂ ಹೇಳಲಿಲ್ಲ. ಬಿದ್ದ ಸೌದೆಯನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಬೆಂಗಳೂರಿನ ಕಾಂಪೌಂಡ್ ಗೋಡೆಗಳ ಮೇಲೆ ಗಲೀಜು ಮಾಡದಿರಲಿ ಎಂದು ದೇವರ ಚಿತ್ರದ ಟೈಲ್ಸ್ ಹಾಕುತ್ತಾರಲ್ಲ, ಅದು ನನಗೆ ಇಷ್ಟವಿಲ್ಲ. ಹೆದರಿಸಲು ತಂದು ಅಂಟಿಸಿದ ದೇವರಿಗೂ ಊರು ತಲೆಮಾರುಗಳಿಂದ ಕಾಪಾಡಿಕೊಂಡ ಕಾಡಿಗೂ ಬಹಳ ಅಂತರ. ಆದರೆ ಅಜ್ಜಿ ಚಪ್ಪಲಿ ಕಳಚಿದ ಹಾಗೆ, ಮಾಡಿ ತೋರಿಸುವುದು ಯಜಮಾನನ ಕೈಯಲ್ಲಿದೆ. ಈಗ ಅಣ್ಣ ಅತಿಥಿಗಳ ಜೊತೆ ತಾನೇ ಬೆಟ್ಟಕ್ಕೆ ಹೊರಡುತ್ತಾನೆ. ಸೊಂಟಕ್ಕೆ ಒಂದು ಬಟ್ಟೆಚೀಲ ಕಟ್ಟಿಕೊಂಡು, ಮಾತಾಡುತ್ತಾ ಮಾತಾಡುತ್ತಾ ದಾರಿಯಲ್ಲಿ ಕಂಡದ್ದನ್ನು ಬಗ್ಗಿ ಎತ್ತಿ ಹಾಕಿಕೊಳ್ಳುತ್ತಾನೆ. ಯಾರಿಗೂ ಎತ್ತಿ ಎನ್ನುವುದಿಲ್ಲ. ಅರ್ಧ ದಾರಿಗೆ ಜೊತೆಯವರ ಕೈಯಲ್ಲೂ ಒಂದೊಂದು ಬಾಟಲಿ ಇರುತ್ತದಂತೆ.

ಮೊನ್ನೆ ರಾತ್ರಿ ಫೋನ್ ಮಾಡಿದ್ದ. ಮೆಣಸು ಕೊಯ್ಲಿನ ಸುದ್ದಿ, ಅತ್ತಿಗೆಯ ಮಂಡಿನೋವಿನ ಸುದ್ದಿ ಆದ ಮೇಲೆ ಹೇಳಿದ: 'ಪಂಚಾಯಿತಿಯಲ್ಲಿ ಬೆಟ್ಟದ ಪಾರ್ಕಿಂಗ್ ವಿಷಯ ಮಾತಿಗೆ ಬರ್ತದಂತೆ. ನೀನು ಹೇಳ್ತಿದ್ದೆಯಲ್ಲ, ಆ ಹತ್ತು ರೂಪಾಯಿ ಸ್ಟಿಕ್ಕರಿನ ಬಾಟಲಿ, ಬರುವಾಗ ಒಂದು ತಾ. ಬಾಯಲ್ಲಿ ಹೇಳಿದ್ರೆ ಯಾರೂ ನಂಬೋದಿಲ್ಲ, ಕೈಗೆ ಕೊಟ್ಟು ತೋರಿಸಬೇಕು.'

ಪಕ್ಕದ ಮನೆಯವರಿಂದ ಎರಡು ಖಾಲಿ ಬಾಟಲಿ ಕೇಳಿ ತಂದು, ಸ್ಟಿಕ್ಕರ್ ಹರಿಯದ ಹಾಗೆ ತೊಳೆದು, ಹಳೆಯ ಪಂಚೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟಿದ್ದೇನೆ. ಶುಕ್ರವಾರ ಬೆಳಿಗ್ಗೆ ಬಂಡೀಪುರದ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕು.